ಮುತ್ತುಗ ಅರಳಿತೇ, ಕೋಗಿಲೆ ಕೂಗಿತೇ? ವಸಂತದ ಮೊದಲ ಸುಳಿವು ಗುರುತಿಸುವುದು ಹೀಗೆ

ಪಂಚಾಂಗದ ಪ್ರಕಾರ ವಸಂತ ಋತು ಶುರುವಾಗುವುದು ಯುಗಾದಿಯಿಂದ. ಆದರೆ ಮರಗಳು, ಹಕ್ಕಿಗಳು ಅಲ್ಲಿಯವರೆಗೆ ಕಾಯುವುದಿಲ್ಲ. ಜನವರಿ ಕೊನೆಯಿಂದಲೇ ಬದಲಾವಣೆ ಕಾಣಿಸತೊಡಗುತ್ತದೆ. ಇದನ್ನು ನೋಡಲು ಕಾಡಿಗೇ ಹೋಗಬೇಕೆಂದಿಲ್ಲ. ಮುಂಬೈ, ದೆಹಲಿಯಂಥ ನಗರದಲ್ಲಿದ್ದರೂ ಅಪಾರ್ಟ್‌ಮೆಂಟ್ ಆವರಣ, ಹತ್ತಿರದ ಪಾರ್ಕ್, ಆಫೀಸಿಗೆ ಹೋಗುವ ದಾರಿ ಸಾಕು. ಏನನ್ನು ಗಮನಿಸಬೇಕು, ಅದನ್ನು ದಿನಾಂಕ ಸಮೇತ ಬರೆದಿಡುವುದು ಯಾಕೆ ಮುಖ್ಯ? ಇಲ್ಲಿದೆ ಮಾಹಿತಿ.

ಮೊದಲು ಮರಗಳನ್ನು ನೋಡಿ

ಮುತ್ತುಗ: ಎಲೆ ಉದುರಿದ ಕೊಂಬೆಗಳ ತುಂಬ ಕೇಸರಿ ಬಣ್ಣದ ಹೂ. ಫೆಬ್ರವರಿ, ಮಾರ್ಚ್ ಇದರ ಮುಖ್ಯ ಕಾಲ. ಮರಾಠಿಯಲ್ಲಿ ಪಳಸ, ಹಿಂದಿಯಲ್ಲಿ ಪಲಾಶ್ ಅಥವಾ ಟೇಸು, ತೆಲುಗಿನಲ್ಲಿ ಮೋದುಗ ಎಂದು ಕೇಳಿದರೆ ಸ್ಥಳೀಯರು ಮರ ತೋರಿಸುತ್ತಾರೆ. ಹೋಳಿ ಬಣ್ಣಕ್ಕೆ ಬಳಸುವುದೂ ಇದೇ ಹೂವನ್ನು.

ಕೆಂಪು ಬೂರುಗ: ದೆಹಲಿಯ ರಸ್ತೆ ಬದಿಯಲ್ಲಿ ಇದನ್ನು ಸೇಮಲ್ ಎನ್ನುತ್ತಾರೆ, ಪುಣೆಯಲ್ಲಿ ಕಾಟೇಸಾವರ. ಇದೂ ಎಲೆಯಿಲ್ಲದೆ ಹೂ ಬಿಡುವ ಮರ. ಮಕರಂದಕ್ಕಾಗಿ ಮೈನಾ, ಕಾಗೆ, ಅಳಿಲು, ಜೇನುನೊಣ ಎಲ್ಲವೂ ಇಲ್ಲಿಗೆ ಬರುತ್ತವೆ. ಹೂ ಬಿಟ್ಟ ಒಂದು ಬೂರುಗದ ಕೆಳಗೆ ಬೆಳಗ್ಗೆ ಹದಿನೈದು ನಿಮಿಷ ನಿಂತರೆ ಹತ್ತಾರು ಹಕ್ಕಿಗಳನ್ನು ನೋಡಬಹುದು.

ಅರಳಿ ಮತ್ತು ಮಾವು: ಅರಳಿ ಮರದಲ್ಲಿ ತಾಮ್ರ ಬಣ್ಣದ ಚಿಗುರು ಕಾಣಿಸುತ್ತದೆ. ಮಾವು ದಕ್ಷಿಣದಲ್ಲಿ ಡಿಸೆಂಬರ್-ಜನವರಿಯಲ್ಲೇ ಹೂ ಬಿಡಲು ಶುರುಮಾಡಿದರೆ, ಉತ್ತರ ಭಾರತದಲ್ಲಿ ಫೆಬ್ರವರಿ-ಮಾರ್ಚ್‌ನಲ್ಲಿ ಹೂ ಕಾಣುತ್ತದೆ. ಹೆಚ್ಚು ಚಳಿಯೇ ಇಲ್ಲದ ಚೆನ್ನೈನಲ್ಲಿ ಹವೆಗಿಂತ ಚಿಗುರು, ಹೂಗಳೇ ಉತ್ತಮ ಸುಳಿವು.

ಕಿವಿಗೆ ಕೇಳುವ ವಸಂತ

ಕೋಗಿಲೆ ಎಲ್ಲಿಗೋ ಹೋಗಿ ವಸಂತಕ್ಕೆ ವಾಪಸ್ ಬರುತ್ತದೆ ಎಂದು ಹಲವರು ನಂಬಿದ್ದಾರೆ. ಆದರೆ ನಮ್ಮ ಹೆಚ್ಚಿನ ನಗರಗಳಲ್ಲಿ ಅದು ವರ್ಷವಿಡೀ ಇರುತ್ತದೆ, ಚಳಿಗಾಲದಲ್ಲಿ ಮೌನವಾಗಿರುತ್ತದೆ ಅಷ್ಟೆ. 'ಕುಹೂ' ಎಂದು ಕೂಗುವುದು ಕಪ್ಪು ಬಣ್ಣದ ಗಂಡು. ಹೆಣ್ಣಿನ ಮೈ ಕಂದು, ಮೇಲೆ ಬಿಳಿ ಚುಕ್ಕೆ. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುವುದರಿಂದ ಅದರ ಸಂತಾನ ಕಾಲ ಕಾಗೆ ಗೂಡು ಕಟ್ಟುವ ಕಾಲಕ್ಕೆ ಹೊಂದಿಕೊಂಡಿದೆ.

ಬಿಸಿಲು ಏರುವಾಗ 'ಟುಕ್ ಟುಕ್ ಟುಕ್' ಎಂದು ಒಂದೇ ಸಮನೆ ಸದ್ದು ಕೇಳಿದರೆ ಅದು ಕಂಚುಕುಟಿಗ. ಹಸಿರು ಮೈ, ಕೆಂಪು ಹಣೆಯ ಪುಟ್ಟ ಹಕ್ಕಿ. ಮುಂಜಾನೆ ಟೆರೇಸಿನ ಮೇಲೆ ಅಥವಾ ಕಂಬದ ತುದಿಯಲ್ಲಿ ಕೂತು ಹಾಡುವ ಕಪ್ಪು-ಬಿಳಿ ಹಕ್ಕಿ ಮಡಿವಾಳ.

ಬಣ್ಣ ಬದಲಿಸುವವರು, ಊರು ಬಿಡುವವರು

ಗಂಡು ಸೂರಕ್ಕಿ ಈ ಕಾಲದಲ್ಲಿ ಮಂಕು ಹಳದಿ ಗರಿ ಕಳಚಿ ಹೊಳೆಯುವ ಕಡು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಬಾಲ್ಕನಿಯ ದಾಸವಾಳಕ್ಕೆ ಬರುವ ಹಕ್ಕಿಯಲ್ಲೇ ಈ ಬದಲಾವಣೆ ನೋಡಬಹುದು. ಇನ್ನೊಂದೆಡೆ, ಚಳಿಗಾಲ ಕಳೆಯಲು ಬಂದಿದ್ದ ಗುಲಾಬಿ ಮೈನಾ ಗುಂಪುಗಳು ಏಪ್ರಿಲ್ ಹೊತ್ತಿಗೆ ಮಧ್ಯ ಏಷ್ಯಾ ಕಡೆಗೆ ಹೊರಡುತ್ತವೆ.

ದಿನಾಂಕ ಯಾಕೆ ಬೇಕು?

'ಈ ಸಲ ಯುಗಾದಿಗೆ ಮೊದಲೇ ಬೇವು ಹೂ ಬಿಟ್ಟಿತು' ಎಂಬ ಮಾತು ಮನೆಗಳಲ್ಲಿ ಕೇಳಿಬರುತ್ತದೆ. ಆದರೆ ಚಾಂದ್ರಮಾನ ಯುಗಾದಿಯೇ ಹಿಂದೆ ಮುಂದೆ ಸರಿಯುತ್ತದೆ. 2024ರಲ್ಲಿ ಏಪ್ರಿಲ್ 9ಕ್ಕೆ ಬಂದ ಹಬ್ಬ 2025ರಲ್ಲಿ ಮಾರ್ಚ್ 30ಕ್ಕೇ ಬಂತು. ಹೀಗಾಗಿ ಬದಲಾಗಿದ್ದು ಬೇವೋ ಹಬ್ಬವೋ ಎಂದು ನೆನಪಿನಿಂದ ಹೇಳಲಾಗದು. ದಿನಾಂಕವಿದ್ದರೆ ಹೇಳಬಹುದು.

ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಷಮ್ 1736ರಲ್ಲಿ ಇಂಥ ದಾಖಲೆ ಆರಂಭಿಸಿದರು, ಅವರ ವಂಶಸ್ಥರು ಅದನ್ನು 1958ರವರೆಗೆ ಮುಂದುವರಿಸಿದರು. ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಹೂವಿನ ದಾಖಲೆ ಸುಮಾರು 1,200 ವರ್ಷ ಹಿಂದಕ್ಕೆ ಹೋಗುತ್ತದೆ. ಅದರಿಂದಲೇ 2021ರ ಮಾರ್ಚ್ 26ರಂದು ಹೂ ಪೂರ್ತಿ ಅರಳಿದ್ದು ಅಲ್ಲಿಯವರೆಗಿನ ದಾಖಲೆಯಲ್ಲೇ ಅತಿ ಬೇಗ ಎಂದು ತಿಳಿದದ್ದು. ಹೂ ಬೇಗ ಅರಳಿ, ಅದನ್ನು ಅವಲಂಬಿಸಿದ ಜೇನು, ಹಕ್ಕಿಗಳ ಲೆಕ್ಕ ತಪ್ಪಿದರೆ ಪರಾಗಸ್ಪರ್ಶಕ್ಕೂ ಮರಿಗಳ ಆಹಾರಕ್ಕೂ ತೊಂದರೆ.

ನೀವು ಮಾಡಬಹುದಾದದ್ದು

* ಒಂದೇ ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ನೋಡಿ. ಚಿಗುರು, ಮೊಗ್ಗು, ಹೂ, ಕಾಯಿ ಇವೆಯೇ ಎಂದು ಬರೆದಿಡಿ.
* ಏನೂ ಇಲ್ಲದಿದ್ದರೆ 'ಇಲ್ಲ' ಎಂದೇ ಬರೆಯಿರಿ. ಅದೂ ಮಾಹಿತಿಯೇ.
* 'ಸೀಸನ್‌ವಾಚ್' ಯೋಜನೆಯಲ್ಲಿ ಮರದ ವಿವರ, 'ಇಬರ್ಡ್'ನಲ್ಲಿ ಹಕ್ಕಿಗಳ ಪಟ್ಟಿ ಸೇರಿಸಬಹುದು. ಎರಡೂ ಉಚಿತ.
* ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ 'ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್'ನಲ್ಲಿ ಭಾಗವಹಿಸಲು ಕನಿಷ್ಠ 15 ನಿಮಿಷ ಹಕ್ಕಿ ನೋಡಿದರೆ ಸಾಕು.
* ಗೂಡಿನ ಹತ್ತಿರ ಹೋಗಬೇಡಿ, ಫೋಟೋಗಾಗಿ ಕೊಂಬೆ ಸರಿಸಬೇಡಿ.

ಒಂದು ಮರ ಒಂದು ವರ್ಷ ಬೇಗ ಹೂ ಬಿಟ್ಟ ಮಾತ್ರಕ್ಕೆ ಹವಾಮಾನ ಬದಲಾಗಿದೆ ಎನ್ನಲಾಗದು. ಅದೇ ಮರದ ಹತ್ತು ವರ್ಷಗಳ ದಿನಾಂಕಗಳು ಇದ್ದರೆ ಮಾತು ಬೇರೆ.