ಸೆರೆಮನೆಯಿಂದ ಯಂತ್ರಕ್ಕೆ

ನಾಸ್ಟಿಕ್ ಎಂದೊಡನೆ ನಮ್ಮ ಕಿವಿಗೆ ‘ನಾಸ್ತಿಕ’ ಎಂದೇ ಕೇಳಿಸುತ್ತದೆ. ಎರಡಕ್ಕೂ ನಂಟಿಲ್ಲ. ಅದರ ಬೇರಾದ ಗ್ರೀಕ್ ಪದ ನಮ್ಮ ‘ಜ್ಞಾನ’ದ ದೂರದ ದಾಯಾದಿ. ಕ್ರಿಸ್ತಶಕದ ಎರಡನೇ ಶತಮಾನದ ಹೊತ್ತಿಗೆ ಹಬ್ಬಿದ್ದ ಈ ಪಂಥಗಳ ಮಾತು ಸ್ಥೂಲವಾಗಿ ಇಷ್ಟು: ಲೋಕವನ್ನು ಕಟ್ಟಿದವನು ಪರಮದೇವರಲ್ಲ, ತಾನೇ ಪರಮ ಎಂದು ಬೀಗುವ ಅರೆತಿಳಿವಿನ ಮೇಸ್ತ್ರಿ, ಅವನ ಸೆರೆಯಲ್ಲಿ ಬೆಳಕಿನ ಕಿಡಿಯೊಂದು ಸಿಕ್ಕಿಬಿದ್ದಿದೆ, ಬಿಡುಗಡೆ ಅರಿವಿನಿಂದ. ಇದನ್ನು ಮಾಯೆಯ ಖಾತೆಗೆ ಬರೆದುಬಿಡಲು ನಮಗೆ ಕೈ ತುರಿಸುತ್ತದೆ. ಆದರೆ ಮಾಯೆಯ ಹಿಂದೆ ಇಂಥ ಮೇಸ್ತ್ರಿ ಯಾರೂ ಇಲ್ಲ.

ಕಥೆ ಓದುವವರಿಗೆ ಬೇಕಾದದ್ದು ಈ ಮೇಸ್ತ್ರಿಯೇ. ಡೇವಿಡ್ ಲಿಂಡ್ಸೆ 1920ರಲ್ಲೇ ‘ಎ ವಾಯೇಜ್ ಟು ಆರ್ಕ್ಟರಸ್’ ಕಾದಂಬರಿಯಲ್ಲಿ ಅಂಥವನೊಬ್ಬನನ್ನು ತಂದಿದ್ದ. ಆಗ ಈ ಪಂಥಗಳ ಪರಿಚಯ ಬಹುಪಾಲು ಅವನ್ನು ಖಂಡಿಸಿದ ಪಾದ್ರಿಗಳ ಬರಹದಿಂದಲೇ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಬಳಿ ಮಡಕೆಯೊಂದರಲ್ಲಿ ಈ ಪಂಥಗಳ ಬರಹಗಳಿದ್ದ ಕಾಪ್ಟಿಕ್ ಭಾಷೆಯ ಹಳೆಯ ಹೊತ್ತಿಗೆಗಳು ಸಿಕ್ಕವು; ಎಲೇನ್ ಪೇಜಲ್ಸ್‌ರ 1979ರ ಪುಸ್ತಕ ಅವನ್ನು ಸಾಮಾನ್ಯ ಓದುಗರ ಕೈಗಿಟ್ಟಿತು. ಅದೇ ವರ್ಷ ವಿಮರ್ಶಕ ಹೆರಾಲ್ಡ್ ಬ್ಲೂಮ್, ಲಿಂಡ್ಸೆಯ ಗುಂಗಿನಲ್ಲಿ ತಾನೇ ಒಂದು ನಾಸ್ಟಿಕ್ ಕಾದಂಬರಿ ಬರೆದ, ಆಮೇಲೆ ಅದು ತನ್ನದಲ್ಲ ಎಂಬಂತೆ ಕೈತೊಳೆದುಕೊಂಡ. ವಿಮರ್ಶಕ ಕಾದಂಬರಿ ಬರೆದರೆ ಹೀಗೇ! ವಿಮರ್ಶಕರಾದ ಡ್ವೈಟ್ ಎಡಿನ್ಸ್ 1990ರಲ್ಲಿ ಕಾದಂಬರಿಕಾರ ಪಿಂಚನ್‌ನನ್ನು, ಲಿಯೋ ಡಾಹರ್ಟಿ 1992ರಲ್ಲಿ ಮೆಕಾರ್ಥಿಯ ‘ಬ್ಲಡ್ ಮೆರಿಡಿಯನ್’ ಕಾದಂಬರಿಯನ್ನು ಇದೇ ಕನ್ನಡಕದಿಂದ ಓದಿದರು.

ಕನ್ನಡಕದ ತೊಂದರೆ ಎಂದರೆ ಅದು ಎಲ್ಲರ ಮೂಗಿಗೂ ಹೊಂದುತ್ತದೆ. ದಬ್ಬಾಳಿಕೆಯ ಒಡೆಯ, ದಾರಿತಪ್ಪಿದ ನಾಯಕ ಇದ್ದರೆ ಸಾಕು, ಕಥೆ ನಾಸ್ಟಿಕ್. 1996ರಲ್ಲಿ ವಿದ್ವಾಂಸ ಮೈಕೆಲ್ ವಿಲಿಯಮ್ಸ್ ‘ನಾಸ್ಟಿಕ್’ ಎಂಬ ವರ್ಗವೇ ಅಳ್ಳಕ ಎಂದು ವಾದಿಸಿದ್ದು ಸಾಹಿತ್ಯ ವಿಮರ್ಶೆಗೆ ನಾಟಬೇಕಾದಷ್ಟು ನಾಟಲಿಲ್ಲ.

ಅಷ್ಟರಲ್ಲಿ ಮಾಂತ್ರಿಕರ ಕಡೆಯಿಂದ ಬೇರೊಂದು ಪ್ರಶ್ನೆ ಹುಟ್ಟಿತ್ತು. 1970ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಪೀಟರ್ ಕ್ಯಾರಲ್ ಮತ್ತು ರೇ ಶೆರ್ವಿನ್ ಕಟ್ಟಿದ ಮಾಂತ್ರಿಕ ಪಂಥ ಕೇಯಾಸ್ ಮ್ಯಾಜಿಕ್‌ಗೆ ನಂಬಿಕೆ ಬರೀ ಹತಾರ. ಕೆಲಸವಾಗುವ ತನಕ ಹಿಡಿ, ಆಮೇಲೆ ಬಿಸಾಡು. ಕಲಾವಿದ ಆಸ್ಟಿನ್ ಸ್ಪೇರ್‌ನಿಂದ ಬಂದ ‘ಸಿಜಿಲ್’ ಅದರ ಕೈಗೆಲಸ. ಬಯಕೆಯನ್ನು ಒಂದು ವಾಕ್ಯವಾಗಿ ಬರೆಯಬೇಕು, ಎರಡನೇ ಸಲ ಬಂದ ಅಕ್ಷರಗಳನ್ನು ಹೊಡೆದುಹಾಕಬೇಕು, ಉಳಿದವನ್ನು ಒಂದರೊಳಗೊಂದು ಹೆಣೆದು ಗುರುತು ಬರೆಯಬೇಕು, ಅದರಲ್ಲಿ ಮನಸ್ಸು ನೆಟ್ಟು ಕೊನೆಗೆ ಮರೆತುಬಿಡಬೇಕು. ತಾಯತದೊಳಗೆ ಮಡಚಿಡುವ ಯಂತ್ರವನ್ನು ಕಂಡವರಿಗೆ ಇದು ತೀರಾ ಹೊಸತಲ್ಲ. ಹೊಸತು ಮರೆಯುವ ವಿಧಿ.

ಗ್ರಾಂಟ್ ಮಾರಿಸನ್ ತಮ್ಮ ‘ದಿ ಇನ್‌ವಿಸಿಬಲ್ಸ್’ (1994–2000) ಕಾಮಿಕ್ಸ್ ಮಾಲೆಯನ್ನೇ ಇಂಥ ಉದ್ದನೆಯ ಯಂತ್ರ ಎಂದರು. ಮಾರಾಟ ಕುಸಿದಾಗ, ಮಾಲೆ ಉಳಿಯಲೆಂದು ಎಲ್ಲರೂ ಒಟ್ಟಿಗೆ ಸಿಜಿಲ್ ಹಾಕಿ ಎಂದು ಪತ್ರಗಳ ಪುಟದಲ್ಲಿ ಓದುಗರನ್ನು ಕೇಳಿಕೊಂಡರು. ಮಾಲೆ ಉಳಿಯಿತು. ಸಿಜಿಲ್‌ನಿಂದಲೋ, ಕರೆ ಕೇಳಿ ಪ್ರತಿ ಕೊಂಡವರಿಂದಲೋ, ಯಾರು ಹೇಳಬೇಕು? ಆದರೆ ಇಲ್ಲಿ ವಿಮರ್ಶೆಯ ಕೇಳ್ವಿಯೇ ಬದಲಾಯಿತು: ಕಥೆ ಏನನ್ನು ಬಚ್ಚಿಟ್ಟಿದೆ ಎನ್ನುವ ಜಾಗದಲ್ಲಿ, ಕಥೆ ಓದುಗನ ಕೈಯಲ್ಲಿ ಏನು ಮಾಡಿಸುತ್ತದೆ?

ಈ ಎರಡು ಓದುಗಳೂ ಒಬ್ಬನಲ್ಲಿ ಮೊದಲೇ ಕೂಡಿದ್ದವು. 1974ರ ವಿಚಿತ್ರ ದರ್ಶನಗಳ ಬಳಿಕ ಕಾದಂಬರಿಕಾರ ಫಿಲಿಪ್ ಕೆ. ಡಿಕ್ ಸಾಯುವತನಕ ರಾತ್ರಿಗಳಲ್ಲಿ ಸಾವಿರಾರು ಪುಟ ಟಿಪ್ಪಣಿ ಬರೆದ. ಆಯ್ದ ಭಾಗ 2011ರಲ್ಲಿ ಅಚ್ಚಾಯಿತು. ಅಲ್ಲಿ ಅವನು ಮತ್ತೆ ಮತ್ತೆ ತಿರುವಿಹಾಕುವುದು ತನ್ನದೇ 1969ರ ಕಾದಂಬರಿ ‘ಯೂಬಿಕ್’ ಅನ್ನು, ಬೇರೆ ಯಾರೋ ತನಗೆಂದೇ ಬರೆದ ಕಾಗದವನ್ನು ಓದುವ ಹಾಗೆ.