ಇಪ್ಪತ್ತೈದು ರೂಬಲ್ಲಿನ ಅತಿಥಿ

ಮದುವೆಯ ಆರತಕ್ಷತೆಗೆ ಹೋದಾಗ ಸಭಾಂಗಣದ ಮುಂದಿನ ಸಾಲನ್ನು ಗಮನಿಸಿದ್ದೀರಾ? ಬಿಳಿಬಟ್ಟೆ ಹೊದಿಸಿದ ಒಂದೆರಡು ಸೋಫಾಗಳು ಯಾರೋ ಗಣ್ಯರಿಗಾಗಿ ಖಾಲಿಯೇ ಕಾಯುತ್ತಿರುತ್ತವೆ. ಅವರು ಬಂದೊಡನೆ ವಿಡಿಯೋದವನು ದೀಪ ಹಿಡಿದು ಓಡುತ್ತಾನೆ. ವಧೂವರರ ಹೆಸರು ಅವರ ನೆನಪಿನಲ್ಲಿ ಉಳಿಯುವುದೋ ಇಲ್ಲವೋ, ಅವರ ಮುಖವಂತೂ ಆಲ್ಬಮ್ಮಿನಲ್ಲಿ ಉಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ರಷ್ಯಾದ ವರ್ತಕರೂ ಸಣ್ಣ ನೌಕರರೂ ಈ ಶೋಭೆಯನ್ನು ಹಣ ಕೊಟ್ಟೇ ತರಿಸಿಕೊಳ್ಳುತ್ತಿದ್ದರು. ಎದೆಯ ತುಂಬ ಪದಕ ತೊಟ್ಟ ನಿವೃತ್ತ ಜನರಲ್ ಒಬ್ಬ ಊಟದ ಮೇಜಿನ ತುದಿಯಲ್ಲಿ ಕುಳಿತರೆ ಮನೆತನದ ಮರ್ಯಾದೆ ಒಂದು ಮೆಟ್ಟಿಲು ಏರಿದಂತೆ. ‘ಮದುವೆಯ ಜನರಲ್’ ಎಂಬ ನುಡಿಗಟ್ಟು ರಷ್ಯನ್ ಭಾಷೆಯಲ್ಲಿ ಇಂದಿಗೂ ಬಳಕೆಯಲ್ಲಿದೆ. ತೋರಿಕೆಗಾಗಿ ಕರೆದು ಕೂರಿಸಿದ ವ್ಯಕ್ತಿ ಎಂದು ಅದರ ಅರ್ಥ.

ಈ ಪದ್ಧತಿಯನ್ನೇ ವಸ್ತುವಾಗಿಸಿಕೊಂಡು ಆಂಟನ್ ಚೆಕಾಫ್ 1889ರಲ್ಲಿ ‘ಮದುವೆ’ ಎಂಬ ಏಕಾಂಕವನ್ನು ಬರೆದರು. ಆ ಪುಟ್ಟ ಪ್ರಹಸನವೂ, ಮೂವತ್ತು ವರ್ಷಗಳ ನಂತರ ಹಸಿದ ಮಾಸ್ಕೋ ನಗರದಲ್ಲಿ ಅದನ್ನು ಆಡಿದ ಒಂದು ಸಣ್ಣ ತಂಡವೂ ಈ ಬರೆಹದ ವಿಷಯ.

ಚೆಕಾಫರು ಹುಟ್ಟಿದ್ದು 1860ರಲ್ಲಿ, ಅಜೋವ್ ಸಮುದ್ರತೀರದ ಟಗನ್‌ರೋಗ್ ಪಟ್ಟಣದಲ್ಲಿ. ಅಜ್ಜ ಜೀತದಾಳಾಗಿದ್ದು ತನ್ನ ಬಿಡುಗಡೆಯನ್ನು ಹಣ ತೆತ್ತು ಪಡೆದವನು. ದಿನಸಿ ಅಂಗಡಿಯ ತಂದೆ ಗಾನವೃಂದವನ್ನೂ ನಡೆಸುತ್ತಿದ್ದ. ಮುಂಜಾನೆಯ ಆರಾಧನೆಗೆ ಮಕ್ಕಳನ್ನು ನಿದ್ದೆಯಿಂದೆಬ್ಬಿಸಿ ದೇವಾಲಯದಲ್ಲಿ ಹಾಡಿಸುತ್ತಿದ್ದ. ಕೇಳುತ್ತಿದ್ದ ಜನರ ಕಣ್ಣು ತೇವವಾಗುತ್ತಿದ್ದರೂ ಹಾಡುತ್ತಿದ್ದ ತಮಗೆ ಮಾತ್ರ ಸೆರೆಯಾಳುಗಳಂತೆ ಅನಿಸುತ್ತಿತ್ತೆಂದು ಚೆಕಾಫರು ಮುಂದೆ ಪತ್ರವೊಂದರಲ್ಲಿ ಬರೆದಿದ್ದಾರೆ. ಮಕ್ಕಳನ್ನು ಗಾನವೃಂದಕ್ಕೆ ಸೇರಿಸುವ ನಾವು ತಂದೆತಾಯಂದಿರು ಇದನ್ನು ಒಮ್ಮೆ ಓದಿಕೊಳ್ಳಬೇಕು. ತಮಗೆ ಧರ್ಮಶ್ರದ್ಧೆ ಉಳಿದಿಲ್ಲವೆಂದು ಹೇಳಿಕೊಂಡ ಇದೇ ಲೇಖಕರು, ಪೇತ್ರನು ಬೆಂಕಿ ಕಾಯಿಸಿಕೊಳ್ಳುತ್ತ ಪ್ರಭುವನ್ನು ನಿರಾಕರಿಸಿದ ರಾತ್ರಿಯನ್ನು ನೆನೆಯುವ ‘ವಿದ್ಯಾರ್ಥಿ’ ಕಥೆಯನ್ನು 1894ರಲ್ಲಿ ಬರೆದದ್ದು ಬೇರೆಯೇ ಒಂದು ಬರೆಹಕ್ಕೆ ವಸ್ತುವಾದೀತು.

ವೈದ್ಯವೃತ್ತಿಯ ಜೊತೆಗೇ ಅವರು ಬರೆದ ಏಕಾಂಕಗಳು ಆ ಕಾಲದಲ್ಲಿ ‘ವಾಡೆವಿಲ್’ ಎನಿಸಿಕೊಳ್ಳುತ್ತಿದ್ದ ಲಘುನಾಟಕದ ಜಾತಿಗೆ ಸೇರಿದವು. ಗಂಭೀರ ನಾಟಕದ ಹಿಂದೆಯೋ ಮುಂದೆಯೋ ಜನರನ್ನು ನಗಿಸಲು ಆಡುತ್ತಿದ್ದ ತುಣುಕುಗಳವು. ಚೆಕಾಫರೇ ‘ಕರಡಿ’ಯನ್ನೂ ‘ನಿಶ್ಚಿತಾರ್ಥದ ಪ್ರಸ್ತಾಪ’ವನ್ನೂ ‘ಒಂದಂಕದ ತಮಾಷೆ’ ಎಂದು ಕರೆದರು. ನಿಮ್ಮ ಮನೆಯ ಮಕ್ಕಳು ಎನ್.ಸಿ.ಇ.ಆರ್.ಟಿ.ಯ ಹತ್ತನೆಯ ತರಗತಿಯ ಇಂಗ್ಲಿಷ್ ಪಠ್ಯ ಓದಿದ್ದರೆ ಎರಡನೆಯದನ್ನು ಬಲ್ಲರು: ಹೆಣ್ಣು ಕೇಳಲು ಬಂದವನು ಒಂದು ಹುಲ್ಲುಗಾವಲಿಗಾಗಿ, ಆಮೇಲೆ ಒಂದು ನಾಯಿಗಾಗಿ ಆ ಹೆಣ್ಣಿನೊಡನೆಯೇ ಜಗಳಕ್ಕೆ ನಿಲ್ಲುತ್ತಾನೆ. ‘ಕರಡಿ’ಯಲ್ಲಿ ಸತ್ತ ಗಂಡನ 1200 ರೂಬಲ್ ಸಾಲ ವಸೂಲಿಗೆ ಬಂದ ಜಮೀನುದಾರ ಶೋಕದಲ್ಲಿರುವ ವಿಧವೆಯೊಡನೆ ಪಿಸ್ತೂಲಿನ ಕಾಳಗಕ್ಕೇ ಸಿದ್ಧನಾಗಿ, ಕೊನೆಗೆ ಅವಳಿಗೇ ಮನಸೋಲುತ್ತಾನೆ. 1888ರ ಅಕ್ಟೋಬರಿನಲ್ಲಿ ಮಾಸ್ಕೋದ ಕೋರ್ಷ್ ರಂಗಮಂದಿರದಲ್ಲಿ ತೆರೆಕಂಡ ಈ ನಾಟಕ ಲೇಖಕರಿಗೆ ಎಷ್ಟು ಹಣ ತಂದಿತೆಂದರೆ, ಅವರೇ ಅದನ್ನು ಕರೆಯುವ ಹಸುವಿಗೆ ಹೋಲಿಸಿದರು.

ಸಣ್ಣ ತಂಡಗಳು ಈ ನಾಟಕಗಳನ್ನು ಪ್ರೀತಿಸಲು ಕಾರಣ ಸರಳ. ‘ಕರಡಿ’ಗೆ ಮುಖ್ಯವಾಗಿ ಮೂವರು ನಟರು ಸಾಕು, ‘ಪ್ರಸ್ತಾಪ’ಕ್ಕೆ ಮೂವರು, ‘ಹಂಸಗೀತೆ’ಗೆ ಇಬ್ಬರು, ‘ತಂಬಾಕಿನ ಕೇಡು’ ಒಬ್ಬನದೇ ಭಾಷಣ. ಒಂದು ಕೋಣೆ, ನಾಲ್ಕು ಕುರ್ಚಿ, ಒಂದು ಮೇಜು ಇದ್ದರೆ ನಾಟಕ ನಡೆದೀತು. ಆದರೆ ‘ಮದುವೆ’ ಹಾಗಲ್ಲ. ಅದಕ್ಕೆ ಗುಂಪು ಬೇಕು, ಊಟದ ಮೇಜು ಬೇಕು, ಗದ್ದಲ ಬೇಕು. ಒಂದು ಕಾಲದಲ್ಲಿ ಚೆಕಾಫರ ಕುಟುಂಬ ಮಾಸ್ಕೋದ ಯಾಕಿಮಾಂಕಾ ಬೀದಿಯಲ್ಲಿ ಬಾಡಿಗೆಗಿದ್ದಾಗ ಅವರ ತಲೆಯ ಮೇಲಿನ ಅಂತಸ್ತೇ ಮದುವೆಗಳಿಗೆ ಬಾಡಿಗೆ ಕೊಡುವ ಸಭಾಂಗಣವಾಗಿತ್ತು. ಆ ವಾದ್ಯ, ಆ ಕುಣಿತ, ಆ ಕಾಲ್ತುಳಿತವನ್ನು ಸೂರಿನಡಿ ಕುಳಿತು ಕೇಳಿದವರಿಗೆ ವಸ್ತುವನ್ನು ಹುಡುಕಿಕೊಂಡು ಹೋಗಬೇಕಿರಲಿಲ್ಲ.

ಕಥೆ ಇಷ್ಟೇ. ವರನು ಗಿರವಿ ಅಂಗಡಿಯ ಬೆಲೆಕಟ್ಟುವವನು. ಮದುವೆಯ ದಿನವೂ ವರದಕ್ಷಿಣೆಯ ಲೆಕ್ಕವನ್ನೇ ಕೆದಕುತ್ತಾನೆ. ವಧು ತಿನ್ನುವುದರಲ್ಲಿ ಮಗ್ನೆ. ಗ್ರೀಕ್ ಮಿಠಾಯಿಗಾರನೊಬ್ಬ ಏನು ಕೇಳಿದರೂ ತನ್ನ ದೇಶದಲ್ಲಿ ಎಲ್ಲವೂ ಇದೆ ಎನ್ನುತ್ತಾನೆ. ಬಾಲ್ಯದಲ್ಲಿ ಗ್ರೀಕ್ ಶಾಲೆಯಲ್ಲಿ ಕಲಿತ ಚೆಕಾಫರಿಗೆ ಇಂಥವರು ಅಪರಿಚಿತರಲ್ಲ. ಜನರಲ್‌ನನ್ನು ಕರೆತರಲೆಂದು ವಧುವಿನ ತಾಯಿ ವಿಮಾ ಏಜೆಂಟನೊಬ್ಬನಿಗೆ 25 ರೂಬಲ್ ಕೊಟ್ಟಿರುತ್ತಾಳೆ. ಆತ ಹಣವನ್ನು ಜೇಬಿಗಿಳಿಸಿ, ರೆವುನೊವ್ ಎಂಬ ಕಿವಿ ಮಂದವಾದ ನಿವೃತ್ತ ನೌಕಾಧಿಕಾರಿಯನ್ನು ಕರೆತರುತ್ತಾನೆ. ಆ ವೃದ್ಧನಿಗೆ ಹಣದ ಸಂಗತಿಯೇ ತಿಳಿಯದು. ಪ್ರೀತಿಯಿಂದ ಕರೆದರೆಂದು ನಂಬಿ ಬಂದಿದ್ದಾನೆ. ನೌಕಾಪಡೆಯ ಹುಡುಗನೊಬ್ಬನನ್ನು ಕಂಡು ಹಿರಿಹಿರಿ ಹಿಗ್ಗಿ, ಹಾಯಿ ಬಿಚ್ಚುವ ಹಗ್ಗ ಎಳೆಯುವ ಆಜ್ಞೆಗಳನ್ನೆಲ್ಲ ಒಂದೊಂದಾಗಿ ಕೂಗಿ ಹೇಳುತ್ತಾನೆ. ಅತಿಥಿಗಳಿಗೆ ಬೇಸರ. ಕೊನೆಗೆ ಆತ ಜನರಲ್ ಅಲ್ಲ, ಎರಡನೆಯ ದರ್ಜೆಯ ಕ್ಯಾಪ್ಟನ್ ಎಂಬುದು ಹೊರಬೀಳುತ್ತದೆ. ಕೊಟ್ಟ ಹಣಕ್ಕೆ ತಕ್ಕ ಸರಕು ಬರಲಿಲ್ಲವೆಂದು ತಾಯಿ ತುಂಬಿದ ಸಭೆಯಲ್ಲೇ ಹಂಗಿಸುತ್ತಾಳೆ.

ಈಗ 1920ರ ಮಾಸ್ಕೋಗೆ ಬನ್ನಿ. ಮಹಾಯುದ್ಧ, ಕ್ರಾಂತಿ, ಅಂತರ್ಯುದ್ಧಗಳ ನಂತರ ನಗರದ ಜನಸಂಖ್ಯೆ ಮೂರೇ ವರ್ಷಗಳಲ್ಲಿ ಸುಮಾರು ಅರ್ಧಕ್ಕಿಳಿದಿತ್ತು. ರೊಟ್ಟಿ ಪಡಿತರದಲ್ಲಿ, ಸೌದೆ ದುರ್ಲಭ. ಒಲೆ ಉರಿಯದ ರಂಗಮಂದಿರಗಳಲ್ಲಿ ಜನ ಮೇಲಂಗಿ ತೊಟ್ಟೇ ನಾಟಕ ನೋಡುತ್ತಿದ್ದರು.

ಮಾಸ್ಕೋ ಆರ್ಟ್ ಥಿಯೇಟರಿನ ಯುವ ನಟ ಯೆವ್ಗೆನಿ ವಖ್ತಾಂಗೊವ್ ಆ ವೇಳೆಗೆ ಆರೇಳು ವರ್ಷಗಳಿಂದ ವಿದ್ಯಾರ್ಥಿಗಳ ಹವ್ಯಾಸಿ ತಂಡವೊಂದಕ್ಕೆ ಗುರುವಾಗಿದ್ದರು. 1914ರಲ್ಲಿ ಆ ತಂಡದ ಮೊದಲ ನಾಟಕ ಸೋತಿತ್ತು. ಹೊರಗಿನವರಿಗೆ ಕಲಿಸಕೂಡದೆಂದು ಆರ್ಟ್ ಥಿಯೇಟರ್ ಅವರನ್ನು ನಿರ್ಬಂಧಿಸಿತು. ಅವರು ಬಿಡಲಿಲ್ಲ. ಮನ್ಸೂರೊವ್ ಓಣಿಯ ಪುಟ್ಟ ಮನೆಯೊಂದರಲ್ಲಿ ಅಭ್ಯಾಸ ಮುಂದುವರಿಯಿತು. ಹಗಲು ಕಾಲೇಜು, ಸಂಜೆ ರಂಗ. ಮುಂದೆ ಒಳಜಗಳದಿಂದ ಹಿರಿಯ ಶಿಷ್ಯರಲ್ಲಿ ಹಲವರು ತಂಡವನ್ನು ಬಿಟ್ಟುಹೋದರು. ಆ ಹೊತ್ತಿನಲ್ಲಿ ಗುರುವು ಹೊಟ್ಟೆಯ ಕಾಯಿಲೆಯಿಂದ ಆಸ್ಪತ್ರೆಯ ಪಾಲಾಗಿದ್ದರು. ಯಾವುದೇ ಧರ್ಮಕೇಂದ್ರದ ಯುವಕ ಸಂಘದಲ್ಲಿ ನಾಟಕ ಕಟ್ಟಿದವರಿಗೆ ಈ ಚರಿತ್ರೆಯ ಅರ್ಧವಾದರೂ ಪರಿಚಿತವೆನಿಸೀತು.

ಉಳಿದವರನ್ನು ಕಟ್ಟಿಕೊಂಡು ಅವರು 1920ರಲ್ಲಿ ‘ಮದುವೆ’ಯನ್ನು ಆಡಿಸಿದರು. ಅದೇ ವರ್ಷ ಈ ತಂಡ ಆರ್ಟ್ ಥಿಯೇಟರಿನ ಮೂರನೆಯ ಸ್ಟುಡಿಯೋ ಎಂಬ ಮನ್ನಣೆ ಪಡೆಯಿತು. ಮರುವರ್ಷ ಅವರು ಅದೇ ನಾಟಕವನ್ನು ಇನ್ನಷ್ಟು ಹರಿತಗೊಳಿಸಿ ಮತ್ತೆ ಕಟ್ಟಿದರು. ಹಸಿದ ಸಭಿಕರ ಮುಂದೆ ಔತಣದ ಮೇಜು. ಕೀಲುಗೊಂಬೆಗಳಂತೆ ಕುಣಿಯುವ, ಮೆಲ್ಲುವ, ಮೆರೆಯುವ ಅತಿಥಿಗಳು. ಇದನ್ನು ಪುಷ್ಕಿನ್‌ರ ‘ಪ್ಲೇಗಿನ ಕಾಲದ ಔತಣ’ದೊಡನೆ ಒಂದೇ ಸಂಜೆ ಆಡಬೇಕೆಂಬ ಬಯಕೆಯೂ ಅವರಿಗಿತ್ತು. ನಗೆನಾಟಕದ ಪಕ್ಕದಲ್ಲಿ ಸಾವಿನ ನಾಟಕ! ಆ ಬಯಕೆಯಿಂದಲೇ ಅವರು ‘ಮದುವೆ’ಯನ್ನು ಹೇಗೆ ಓದಿದ್ದರೆಂಬುದು ತಿಳಿಯುತ್ತದೆ.

ಎಲ್ಲ ಪ್ರತಿಭಾವಂತರಿಗೂ ಈ ಹದ ದಕ್ಕಲಿಲ್ಲ. 1935ರಲ್ಲಿ ಮಹಾನಿರ್ದೇಶಕ ಮೇಯರ್‌ಹೋಲ್ಡ್ ಚೆಕಾಫರ ಮೂರು ಏಕಾಂಕಗಳನ್ನು ಹೆಣೆದು, ಅವುಗಳಲ್ಲಿ ಬರುವ ಮೂರ್ಛೆಗಳನ್ನು ಎಣಿಸಿ, ‘33 ಮೂರ್ಛೆಗಳು’ ಎಂದು ಹೆಸರಿಟ್ಟು, ಪ್ರತಿ ಮೂರ್ಛೆಗೂ ಸಂಗೀತ ಜೋಡಿಸಿದರು. ಜಾಣತನ ಹೆಚ್ಚಾಗಿ ನಗೆ ಕಡಿಮೆಯಾಯಿತೆಂದು ಆಮೇಲೆ ಅವರಿಗೂ ಅನಿಸಿತು. 1938ರಲ್ಲಿ ಸರ್ಕಾರ ಅವರ ರಂಗಮಂದಿರವನ್ನು ಮುಚ್ಚಿಸಿತು. ಮರುವರ್ಷ ಬಂಧಿಸಿ, 1940ರ ಫೆಬ್ರವರಿಯಲ್ಲಿ ಗುಂಡಿಟ್ಟು ಕೊಂದಿತು.

ಮತ್ತೆ ಆ ಮದುವೆಯ ಮನೆಗೆ ಹೋಗೋಣ. ಸಂತ ಲೂಕನ ಶುಭಸಂದೇಶದ ಹದಿನಾಲ್ಕನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಮದುವೆಗೆ ಹೋದವರು ಎಲ್ಲಿ ಕೂರಬೇಕೆಂದು ಹೇಳಿದ್ದು ನಮಗೆಲ್ಲ ನೆನಪಿರುತ್ತದೆ. ಮುಂದಿನ ವಚನಗಳಲ್ಲಿ ಕರೆಯುವವನಿಗೆ, ಅಂದರೆ ಆತಿಥೇಯನಿಗೆ ಹೇಳಿದ ಮಾತನ್ನು ಮಾತ್ರ ನಾವು ಅವಸರದಲ್ಲಿ ದಾಟಿಬಿಡುತ್ತೇವೆ. ರೆವುನೊವ್ ಮೇಲಿನ ಆಸನವನ್ನು ತಾನಾಗಿ ಆರಿಸಿಕೊಂಡವನಲ್ಲ. ಇತರರು ಕೂರಿಸಿದರು, ಇತರರೇ ಇಳಿಸಿದರು.

ಅವಮಾನಿತನಾದ ವೃದ್ಧ ಹೊರಡಲು ಏಳುತ್ತಾನೆ. ದಾರಿ ಕಾಣದೆ, ಹೊರಗೆ ಕರೆದೊಯ್ಯಲು ಮಾಣಿಯನ್ನು ಕೂಗುತ್ತಾನೆ. ಅಂದಿನ ರಷ್ಯಾದಲ್ಲಿ ಮಾಣಿಯನ್ನು ಕರೆಯುತ್ತಿದ್ದ ಪದ ‘ಚೆಲೊವೆಕ್’. ಅದರ ಮೂಲ ಅರ್ಥ ‘ಮನುಷ್ಯ’. ಈ ಎರಡು ಅರ್ಥಗಳನ್ನೂ ಒಟ್ಟಿಗೆ ಹೊರುವ ಪದ ಕನ್ನಡದಲ್ಲಿ ನನಗೆ ಸಿಕ್ಕಿಲ್ಲ. ‘ಮಾಣಿ’ ಎಂದರೆ ಹೋಟೆಲು ಉಳಿಯುತ್ತದೆ, ಕರುಳು ಹೋಗುತ್ತದೆ; ‘ಮನುಷ್ಯ’ ಎಂದರೆ ಉಪದೇಶವಾಗುತ್ತದೆ. ಮುದುಕ ಕರೆದದ್ದು ಮಾಣಿಯನ್ನೇ. ಬರಿಯ ಬೊಂಬೆಗಳೇ ತುಂಬಿದ ಆ ಮೇಜಿನ ಮುಂದೆ ಸಭಿಕರಿಗೆ ಕೇಳಿಸಿದ್ದು, ಇಲ್ಲಿ ಒಬ್ಬ ಮನುಷ್ಯನಾದರೂ ಇದ್ದಾನೆಯೇ ಎಂಬ ಕೂಗು.

ವಖ್ತಾಂಗೊವರ ಕಾಯಿಲೆ ಕ್ಯಾನ್ಸರ್ ಆಗಿತ್ತು. 1922ರ ಮೇ 29ರಂದು, 39ರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ಹೆಸರಿನ ರಂಗಮಂದಿರ ಮಾಸ್ಕೋದ ಅರ್ಬಾತ್ ಬೀದಿಯಲ್ಲಿ ಬೆಳೆದುನಿಂತಿತು. ‘ಮದುವೆ’ಯನ್ನು ನೀವು ಎಂದಾದರೂ ಆಡುವುದಾದರೆ ಕೊನೆಯ ಕ್ಷಣವನ್ನು ಅವಸರಿಸಬೇಡಿ. ವೃದ್ಧ ಹೊರಟುಹೋಗಿದ್ದಾನೆ. ಯಾರೂ ಅವನ ಹಿಂದೆ ಹೋಗುವುದಿಲ್ಲ. ಅಷ್ಟೊತ್ತಿನಿಂದ ಅರ್ಧಕ್ಕೇ ನಿಂತಿದ್ದ ತನ್ನ ಶುಭಾಶಯ ಭಾಷಣವನ್ನು ವರನ ಗೆಳೆಯ, ಮಹನೀಯರೇ ಮಹಿಳೆಯರೇ ಎಂದು ಮತ್ತೆ ಮೊದಲಿನಿಂದ ಆರಂಭಿಸುತ್ತಾನೆ.