ಅಂತರಜಾಲದಲ್ಲಿ ಲೆಕ್ಕಪುಸ್ತಕ: ಹೈದರಾಬಾದಿನ ಸಣ್ಣ ವ್ಯಾಪಾರಿ ಮತ್ತು ಅವನ ಲೆಕ್ಕಿಗ

ಹೈದರಾಬಾದಿನಲ್ಲಿ ನೆಲೆನಿಂತ ಕನ್ನಡ ಕುಟುಂಬಗಳಲ್ಲಿ ಸ್ವಂತ ವ್ಯಾಪಾರವನ್ನು ನಂಬಿ ಬದುಕುವವರು ಕಡಿಮೆಯೇನಿಲ್ಲ. ಉಪಾಹಾರ ಗೃಹ, ಔಷಧದ ಅಂಗಡಿ, ಮುದ್ರಣಾಲಯ, ಬಟ್ಟೆಯ ಮಳಿಗೆ ಹೀಗೆ ಕಸಬು ಯಾವುದೇ ಇರಲಿ, ಮನೆಯ ವೈದ್ಯರಷ್ಟೇ ಹತ್ತಿರದವರಾದ ಇನ್ನೊಬ್ಬರು ಅಲ್ಲಿ ಇದ್ದೇ ಇರುತ್ತಾರೆ. ಅವರೇ ಲೆಕ್ಕ ಬರೆಯುವವರು. ಮಗಳ ಮದುವೆಗೆ ಅಂಗಡಿಯಿಂದ ಎಷ್ಟು ಹಣ ತೆಗೆದದ್ದು, ತಮ್ಮನಿಗೆ ಕೊಟ್ಟ ಕೈಗಡ ಯಾವ ವರ್ಷದ್ದು, ಚೀಟಿಯ ಕಂತು ಯಾವಾಗ ತಪ್ಪಿತು ಎಂಬುದೆಲ್ಲ ಮನೆಯವರಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ಲೆಕ್ಕದ ತಂತ್ರಾಂಶಗಳು ಅಂತರಜಾಲಕ್ಕೆ ಏರಿದ ಮೇಲೆ ಈ ಸಂಬಂಧದಲ್ಲಿ ಏನೇನು ಬದಲಾಗಿದೆ, ವ್ಯಾಪಾರಿಗಳಾದ ನಮ್ಮ ಓದುಗರು ಯಾವುದರ ಬಗೆಗೆ ಎಚ್ಚರವಾಗಿರಬೇಕು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಕನ್ನಡ ನಾಡಿನ ವರ್ತಕರು ಒಂದು ಕಾಲದಲ್ಲಿ ಕಡತದಲ್ಲಿ ಲೆಕ್ಕ ಬರೆಯುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುವ ಪುಸ್ತಕವದು. ಬೇಕೆಂದಾಗ ಅಳಿಸಿ ಮತ್ತೆ ಬರೆಯಬಹುದಾಗಿತ್ತು. ನಿಜಾಮರ ಆಳ್ವಿಕೆಯ ಹೈದರಾಬಾದಿನಲ್ಲಿಯಂತೂ ಲೆಕ್ಕಿಗನ ಕೆಲಸ ಇನ್ನೂ ತೊಡಕಿನದು. ಇಲ್ಲಿಯ ಹಾಲಿ ಸಿಕ್ಕಾ ಬೇರೆ, ಬ್ರಿಟಿಷ್ ಭಾರತದ ಕಲ್ದಾರ್ ರೂಪಾಯಿ ಬೇರೆ. ವರ್ಷವೂ ಫಸಲಿ ವರ್ಷ. ಗುಲಬರ್ಗಾ, ಬೀದರ, ರಾಯಚೂರುಗಳು ಇದೇ ಸಂಸ್ಥಾನದಲ್ಲಿದ್ದುದರಿಂದ ಅಲ್ಲಿಯ ನಮ್ಮ ಹಿರಿಯರಿಗೆ ಈ ಎರಡು ಬಗೆಯ ರೂಪಾಯಿಗಳ ವ್ಯವಹಾರ ಚಿರಪರಿಚಿತವಾಗಿತ್ತು. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಅಂದಿನ ಮೈಸೂರು ರಾಜ್ಯವನ್ನು ಸೇರಿದವು. ಬೇಗಂ ಬಜಾರಿನಿಂದ ಬೀದರಕ್ಕೆ ಹೋಗುವ ಸರಕು ಅಂದಿನಿಂದ ಅಂತರರಾಜ್ಯ ಸರಕಾಯಿತು. ಇಂದು ಅದಕ್ಕೆ ಐಜಿಎಸ್‌ಟಿ. ಮೌಲ್ಯ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ಲೂ ಬೇಕು.

ಗಣಕಯಂತ್ರದ ಲೆಕ್ಕ ನಮ್ಮಲ್ಲಿ ಮನೆಮಾತಾದದ್ದು ಟ್ಯಾಲಿಯಿಂದ. 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಆರಂಭಿಸಿದ ಸಂಸ್ಥೆಯ ಕೊಡುಗೆಯದು. ಕರ್ನಾಟಕದಲ್ಲಿಯೂ ಅಂದಿನ ಆಂಧ್ರಪ್ರದೇಶದಲ್ಲಿಯೂ 2005ರ ಏಪ್ರಿಲ್ 1ರಂದು ವ್ಯಾಟ್ ಬಂದ ಮೇಲೆ ಇಂತಹ ತಂತ್ರಾಂಶ ಸಣ್ಣ ಅಂಗಡಿಗಳಿಗೂ ಅನಿವಾರ್ಯವಾಗತೊಡಗಿತು. ಆದರೂ ಸಂಬಂಧದ ಸ್ವರೂಪ ಹಳೆಯದೇ ಆಗಿತ್ತು. ಲೆಕ್ಕ ಬರೆಯುವವರು ವಾರಕ್ಕೆರಡು ಸಂಜೆ ಸ್ಕೂಟರಿನಲ್ಲಿ ಬರುವರು. ಮೊಳೆಗೆ ಚುಚ್ಚಿಟ್ಟ ಬಿಲ್ಲುಗಳನ್ನು ತೆಗೆದು ಏರಿಸುವರು. ವರ್ಷಕ್ಕೊಮ್ಮೆ ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿ ಆಡಿಟರ ಕಚೇರಿಗೆ ಒಯ್ಯುವರು. ಮಾಲೀಕರಿಗೆ ತಮ್ಮ ಲಾಭವೆಷ್ಟೆಂದು ತಿಳಿಯುತ್ತಿದ್ದುದು ವರ್ಷ ಮುಗಿದು ಐದಾರು ತಿಂಗಳಾದ ಮೇಲೆ.

ಕ್ಲೌಡ್ ಎಂಬ ಪದಕ್ಕೆ ಮೋಡವೆಂದು ಅರ್ಥವಾದರೂ ಇದರಲ್ಲಿ ಆಕಾಶದ ಮಾತೇನೂ ಇಲ್ಲ. ಲೆಕ್ಕಪುಸ್ತಕವು ಅಂಗಡಿಯ ಗಣಕದಲ್ಲಿರದೆ, ತಂತ್ರಾಂಶ ಒದಗಿಸುವ ಸಂಸ್ಥೆಯ ಸರ್ವರಿನಲ್ಲಿರುತ್ತದೆ. ಮಾಲೀಕರು, ಲೆಕ್ಕಿಗರು, ಆಡಿಟರು ತಮ್ಮ ತಮ್ಮ ಸ್ಥಳದಿಂದಲೇ ಅದನ್ನು ತೆರೆಯುತ್ತಾರೆ. ಚೆನ್ನೈ ಮೂಲದ ಜೋಹೋ ಸಂಸ್ಥೆಯ ಜೋಹೋ ಬುಕ್ಸ್ 2011ರಿಂದ ಇದೇ ರೀತಿಯಲ್ಲಿ ನಡೆಯುತ್ತಿದೆ. ಟ್ಯಾಲಿ ಮೂಲತಃ ಗಣಕದಲ್ಲಿಯೇ ಉಳಿಯುವ ತಂತ್ರಾಂಶವಾದರೂ ಅದನ್ನು ಬಾಡಿಗೆಯ ಸರ್ವರಿನಲ್ಲಿಟ್ಟು ದೂರದಿಂದ ಬಳಸುವವರು ಈಗ ಅನೇಕರಿದ್ದಾರೆ.

ಬದಲಾವಣೆಗೆ ನಿಜವಾದ ಒತ್ತಡ ಬಂದದ್ದು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ತೆರಿಗೆಯಿಂದ ಎಂಬುದು ನಮ್ಮ ಅಭಿಪ್ರಾಯ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ ವರ್ಷಕ್ಕೊಮ್ಮೆ ಲೆಕ್ಕ ನೋಡುವ ಪದ್ಧತಿಗೆ ಉಳಿಗಾಲವಿಲ್ಲದಾಯಿತು. ತಿಂಗಳ ವಿವರ ಸಲ್ಲಿಸುವ ವ್ಯಾಪಾರಿಯ ಕ್ಯಾಲೆಂಡರನ್ನು ನೋಡೋಣ. 11ನೆಯ ತಾರೀಕಿನೊಳಗೆ ಮಾರಾಟದ ವಿವರ ಸಲ್ಲಿಕೆಯಾಗಬೇಕು. ಅವರಿಗೆ ಸರಕು ಕೊಟ್ಟವರೂ ತಮ್ಮ ವಿವರ ಸಲ್ಲಿಸಿರಬೇಕು. 14ರಂದು ಅವರ ಹೆಸರಿನಲ್ಲಿ 2ಬಿ ಎಂಬ ಖರೀದಿ ಪಟ್ಟಿ ಸಿದ್ಧವಾಗುತ್ತದೆ. 20ರೊಳಗೆ ತೆರಿಗೆ ಕಟ್ಟಬೇಕು. 2022ರ ಜನವರಿ 1ರಿಂದ, ಮಾರಿದವರು ವಿವರ ಸಲ್ಲಿಸಿ ಅದು ಖರೀದಿದಾರರ ಪಟ್ಟಿಯಲ್ಲಿ ಕಾಣಿಸದ ಹೊರತು ಆ ಬಿಲ್ಲಿನ ತೆರಿಗೆಯನ್ನು ಹಿಂಪಡೆಯಲು ಬರುವುದಿಲ್ಲ. 1 ಲಕ್ಷ ರೂಪಾಯಿಯ ಸರಕಿಗೆ ಶೇಕಡಾ 18ರಂತೆ 18,000 ರೂಪಾಯಿ ತೆರಿಗೆ ತೆತ್ತವರು, ಮಾರಿದವರ ಅಲಕ್ಷ್ಯದಿಂದ ಆ ಮೊತ್ತವನ್ನು ಆ ತಿಂಗಳು ಕೈಯಿಂದಲೇ ಕಟ್ಟಬೇಕಾದೀತು. ಹೀಗಾಗಿ 14ರಿಂದ 20ರ ನಡುವಿನ ದಿನಗಳು ಲೆಕ್ಕಿಗರಿಗೆ ಪರೀಕ್ಷೆಯ ಕಾಲ. ತಂತ್ರಾಂಶವು ಪಟ್ಟಿಯನ್ನು ಪುಸ್ತಕದೊಡನೆ ಕ್ಷಣಮಾತ್ರದಲ್ಲಿ ಹೋಲಿಸಿ ತಾಳೆಯಾಗದ ಬಿಲ್ಲುಗಳನ್ನು ತೋರಿಸುತ್ತದೆ. ಆದರೆ ಮಾರಿದವರಿಗೆ ಫೋನು ಮಾಡಿ, ‘ಸ್ವಾಮಿ, ನಮ್ಮ ಬಿಲ್ಲು ಹಾಕಿಲ್ಲವಲ್ಲ’ ಎಂದು ಕೇಳಿ ಕೆಲಸ ಮಾಡಿಸಿಕೊಳ್ಳುವವರು ಇಂದಿಗೂ ಮನುಷ್ಯರೇ. ಹೈದರಾಬಾದಿನಲ್ಲಿ ಆ ಮಾತು ತೆಲುಗಿನಲ್ಲೋ ದಖನಿಯಲ್ಲೋ ನಡೆಯುತ್ತದೆ.

ಉಪಾಹಾರ ಗೃಹಗಳ ಪಾಡು ಬೇರೆ. 2017ರ ನವೆಂಬರ್ 15ರಿಂದ ಸಾಮಾನ್ಯ ಹೋಟೆಲುಗಳಿಗೆ ತೆರಿಗೆ ಶೇಕಡಾ 5, ಖರೀದಿಯ ತೆರಿಗೆಯನ್ನು ಹಿಂಪಡೆಯುವ ಅವಕಾಶವಿಲ್ಲ. ಆದ್ದರಿಂದ ಮೇಲೆ ಹೇಳಿದ ಹೋಲಿಕೆಯ ಸಂಕಟ ಅವರಿಗಿಲ್ಲ. ಆದರೆ 2022ರ ಜನವರಿ 1ರಿಂದ ಸ್ವಿಗ್ಗಿ, ಜೊಮ್ಯಾಟೋಗಳ ಮೂಲಕ ಮಾರಿದ ತಿಂಡಿಯ ತೆರಿಗೆಯನ್ನು ಆ ಸಂಸ್ಥೆಗಳೇ ಕಟ್ಟುತ್ತವೆ. ಗಲ್ಲಾದಲ್ಲಿ ಆದ ಮಾರಾಟವನ್ನೂ ಆ್ಯಪಿನ ಮಾರಾಟವನ್ನೂ ವಿವರಪತ್ರದಲ್ಲಿ ಬೇರೆ ಬೇರೆ ತೋರಿಸಬೇಕು. ಇಲ್ಲವಾದರೆ ಒಂದೇ ಇಡ್ಲಿಗೆ ಎರಡು ಸಲ ತೆರಿಗೆ ತೆತ್ತಂತೆ! ಕಮಿಷನ್ ಕಳೆದು ಬ್ಯಾಂಕಿಗೆ ಬಂದ ಮೊತ್ತವನ್ನೇ ಮಾರಾಟವೆಂದು ಬರೆದುಬಿಡುವ ತಪ್ಪೂ ಇಲ್ಲಿ ಸುಲಭವಾಗಿ ನುಸುಳುತ್ತದೆ. ತಂತ್ರಾಂಶ ಕೊಟ್ಟ ಅಂಕಿಯನ್ನು ಅದು ಕೂಡುತ್ತದೆಯೇ ಹೊರತು ಅಂಕಿಯ ಹಿಂದಿನ ವ್ಯವಹಾರವನ್ನು ತಿಳಿಯದು. ಅದನ್ನು ತಿಳಿದ ಲೆಕ್ಕಿಗರಿಗೆ ಬೆಲೆ ಹೆಚ್ಚಿದೆ. ಕೇವಲ ಬಿಲ್ಲು ಏರಿಸುತ್ತಿದ್ದವರಿಗೆ ಸಂಜೆಯ ಕೆಲಸಗಳು ಕಡಿಮೆಯಾಗುತ್ತಿವೆ. ಇಬ್ಬರು ಮೂವರು ಅಂಗಡಿಯವರ ಲೆಕ್ಕ ಬರೆದು ಮನೆ ನಡೆಸಿದ ಹಿರಿಯರನ್ನು ಬಲ್ಲ ನಮಗೆ ಇದು ಬೇಸರದ ಸಂಗತಿ. ಆದರೆ ಅವರಲ್ಲಿ ಕೆಲವರು ಅಂಗಡಿಯ ವ್ಯವಹಾರವನ್ನು ಮಾಲೀಕರಿಗಿಂತ ಚೆನ್ನಾಗಿ ಬಲ್ಲವರು. ಅವರನ್ನು ಬಿಡಿಸಿ ತಂತ್ರಾಂಶವೊಂದನ್ನೇ ನಂಬಿದರೆ ನಷ್ಟ ಮಾಲೀಕರದೇ.

ಮಾಲೀಕರ ಕಡೆಯಿಂದ ನೋಡಿದರೆ ದೊಡ್ಡ ಬದಲಾವಣೆಯೆಂದರೆ ಅವರಿಗೂ ಪುಸ್ತಕ ಕಾಣುತ್ತದೆ. ಯಾರಿಂದ ಎಷ್ಟು ಬಾಕಿ ಬರಬೇಕು ಎಂಬುದನ್ನು ತಿಳಿಯಲು ಲೆಕ್ಕಿಗರ ಬರವಿಗಾಗಿ ಕಾಯಬೇಕಿಲ್ಲ. ಇದರಿಂದ ಪ್ರಶ್ನೆಗಳೂ ಹೆಚ್ಚುತ್ತವೆ, ಕೆಲವೊಮ್ಮೆ ಮುನಿಸೂ ಆಗುತ್ತದೆ. ‘ಇಷ್ಟು ವರ್ಷ ನಂಬಿದವರು ಈಗ ದಿನವೂ ತಪಾಸಣೆ ಮಾಡುತ್ತಾರೆ’ ಎಂಬ ಅಸಮಾಧಾನ ಲೆಕ್ಕಿಗರಲ್ಲಿ ಮೂಡಿದರೆ ಅಚ್ಚರಿಯಿಲ್ಲ.

ಆದರೆ ಕೀಲಿ ಯಾರ ಕೈಯಲ್ಲಿದೆ ಎಂಬುದು ಇವೆಲ್ಲಕ್ಕಿಂತ ಗಂಭೀರವಾದ ಪ್ರಶ್ನೆ. ಜಿಎಸ್‌ಟಿ ನೋಂದಣಿಯ ಗಡಿಬಿಡಿಯಲ್ಲಿ ಅನೇಕ ವ್ಯಾಪಾರಿಗಳ ಅರ್ಜಿಗಳಿಗೆ ಅವರ ಪರವಾಗಿ ಕೆಲಸ ಮಾಡಿದವರು ತಮ್ಮದೇ ಮೊಬೈಲ್ ಸಂಖ್ಯೆ, ತಮ್ಮದೇ ಇ-ಅಂಚೆ ವಿಳಾಸ ಕೊಟ್ಟಿದ್ದರು. ಸಂಬಂಧ ಕೆಟ್ಟಾಗ ಒಟಿಪಿ ಹೋಗುತ್ತಿದ್ದುದು ಹಳೆಯ ಲೆಕ್ಕಿಗರಿಗೆ. ಮಾಲೀಕರು ತಮ್ಮದೇ ಖಾತೆಯ ಹೊರಗೆ ನಿಂತರು. ದೂರುಗಳು ಹೆಚ್ಚಿದ್ದರಿಂದ 2018ರಲ್ಲಿ ಕೇಂದ್ರ ಸರಕಾರ ಇದಕ್ಕೆ ದಾರಿ ಮಾಡಿಕೊಟ್ಟಿತು. ವ್ಯಾಪಾರಿಯು ದಾಖಲೆಗಳೊಡನೆ ತನ್ನ ವ್ಯಾಪ್ತಿಯ ತೆರಿಗೆ ಅಧಿಕಾರಿಯನ್ನು ಕಂಡರೆ, ಅವರು ಪರಿಶೀಲಿಸಿ ಸಂಖ್ಯೆಯನ್ನೂ ವಿಳಾಸವನ್ನೂ ಬದಲಿಸಿಕೊಡುತ್ತಾರೆ. ಕ್ಲೌಡ್ ತಂತ್ರಾಂಶದಲ್ಲಿಯೂ ಇದೇ ಅಪಾಯವಿದೆ. ಖಾತೆಯನ್ನು ಮಾಲೀಕರ ಹೆಸರಿನಲ್ಲಿ, ಮಾಲೀಕರ ಇ-ಅಂಚೆಯಿಂದಲೇ ತೆರೆಯಬೇಕು. ಲೆಕ್ಕಿಗರನ್ನು ಬಳಕೆದಾರರಾಗಿ ಸೇರಿಸಬೇಕು. ಒಂದೇ ಪಾಸ್‌ವರ್ಡನ್ನು ಎಲ್ಲರೂ ಹಂಚಿಕೊಂಡರೆ ಯಾವ ನಮೂದನ್ನು ಯಾರು ಮಾಡಿದರೆಂಬುದೇ ತಿಳಿಯುವುದಿಲ್ಲ.

ಅಳಿಸಿ ಬರೆಯುವ ಕಡತದ ಸೌಕರ್ಯವನ್ನು ಕಾನೂನು ಈಗ ಕಂಪನಿಗಳಿಂದ ಕಿತ್ತುಕೊಂಡಿದೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕಸಹಿತ ದಾಖಲಿಸಲೇಬೇಕು. ಆ ದಾಖಲೆಯನ್ನು ನಿಲ್ಲಿಸುವ ಅವಕಾಶ ಇರಕೂಡದು. ಪುಸ್ತಕದ ಪ್ರತಿಯೊಂದನ್ನು ದಿನವೂ ಭಾರತದಲ್ಲಿರುವ ಸರ್ವರಿನಲ್ಲಿ ಇಡಬೇಕೆಂಬ ನಿಯಮವೂ ಇದೆ. ಇವು ಕಂಪನಿಗಳಿಗೆ ಅನ್ವಯಿಸುವ ನಿಯಮಗಳು; ಒಬ್ಬರೇ ಮಾಲೀಕರಿರುವ ಅಂಗಡಿಗಾಗಲಿ ಪಾಲುದಾರಿಕೆಗಾಗಲಿ ಅಲ್ಲ. ತಂತ್ರಾಂಶವೊಂದೇ ಸತ್ಯಕ್ಕೆ ಹೊಣೆಯಾಗದೆಂಬುದನ್ನು ಹೈದರಾಬಾದಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷರು ತಪ್ಪೊಪ್ಪಿಗೆಯ ಪತ್ರ ಬರೆದಾಗ, ಗಣಕದಲ್ಲಿಯೇ ಬರೆದ, ಆಡಿಟರು ಸಹಿ ಹಾಕಿದ ಲೆಕ್ಕದಲ್ಲಿ ಇಲ್ಲದ ಹಣ ಇದ್ದಂತೆ ತೋರಿಸಲಾಗಿತ್ತೆಂಬುದು ಬಯಲಾಯಿತು.

ಲೆಕ್ಕ ಬರೆಯುವವರು ಬೇರೆ, ಆಡಿಟರು ಬೇರೆ ಎಂಬುದನ್ನು ನಮ್ಮವರು ಆಗಾಗ ಮರೆಯುತ್ತಾರೆ. 2013ರ ಕಂಪನಿ ಕಾಯಿದೆಯ ಪ್ರಕಾರ ಕಂಪನಿಯ ಲೆಕ್ಕ ಪರಿಶೋಧಿಸುವವರು ಅದೇ ಕಂಪನಿಯ ಲೆಕ್ಕ ಬರೆಯುವಂತಿಲ್ಲ. ಮೊದಲು ಜಿಎಸ್‌ಟಿಯ ವಾರ್ಷಿಕ ಸಮನ್ವಯ ಪತ್ರಕ್ಕೆ ದೊಡ್ಡ ವ್ಯಾಪಾರಿಗಳು ಚಾರ್ಟರ್ಡ್ ಅಕೌಂಟೆಂಟರ ದೃಢೀಕರಣ ಪಡೆಯಬೇಕಾಗಿತ್ತು. 2021ರ ಆಗಸ್ಟ್ 1ರಿಂದ ಅದನ್ನು ವ್ಯಾಪಾರಿಯೇ ದೃಢೀಕರಿಸುತ್ತಾರೆ. ಸಹಿಯ ಜೊತೆ ಹೊಣೆಯೂ ವ್ಯಾಪಾರಿಯ ಮೇಲೆ ಬಂತು. ಆಡಿಟರನ್ನು ಬದಲಿಸುವುದು ಪಾಸ್‌ವರ್ಡ್ ಬದಲಿಸಿದಷ್ಟು ಸುಲಭವೂ ಅಲ್ಲ. ಹೊಸಬರು ಕೆಲಸ ಒಪ್ಪುವ ಮೊದಲು ಹಳಬರಿಗೆ ಲಿಖಿತವಾಗಿ ತಿಳಿಸಬೇಕೆಂಬುದು ಆ ವೃತ್ತಿಯ ನಿಯಮ.

ತಂತ್ರಾಂಶವನ್ನು ಒದಗಿಸುವವರೇ ಒಂದು ದಿನ ಅಂಗಡಿ ಮುಚ್ಚಿದರೆ? ಇದು ಕಲ್ಪನೆಯಲ್ಲ. ಅಮೆರಿಕದ ಇಂಟ್ಯೂಟ್ ಸಂಸ್ಥೆ ತನ್ನ ಕ್ವಿಕ್‌ಬುಕ್ಸ್ ಸೇವೆಯನ್ನು ಭಾರತದಲ್ಲಿ ನಿಲ್ಲಿಸುವುದಾಗಿ 2022ರಲ್ಲಿ ಪ್ರಕಟಿಸಿ, 2023ರಲ್ಲಿ ನಿಲ್ಲಿಸಿತು. ಬಳಕೆದಾರರು ತಮ್ಮ ಲೆಕ್ಕವನ್ನು ಇಳಿಸಿಕೊಂಡು ಬೇರೆ ಮನೆ ಹುಡುಕಬೇಕಾಯಿತು. ಮಾರ್ಚ್ 31ರ ಲೆಕ್ಕ ಮುಗಿದ ಕೂಡಲೇ ಖಾತೆಗಳು, ಬಿಲ್ಲುಗಳು, ಸಲ್ಲಿಸಿದ ವಿವರಪತ್ರಗಳು ಇವೆಲ್ಲದರ ಪ್ರತಿಯನ್ನು ಎಕ್ಸೆಲ್ ಅಥವಾ ಪಿಡಿಎಫ್ ರೂಪದಲ್ಲಿ ಇಳಿಸಿ, ಅಂಗಡಿಯಲ್ಲೊಂದು, ಮನೆಯಲ್ಲೊಂದು ಇಟ್ಟುಕೊಳ್ಳುವುದು ಕ್ಷೇಮ. ಜಿಎಸ್‌ಟಿ ಕಾನೂನಿನ ಪ್ರಕಾರ ಆ ವರ್ಷದ ವಾರ್ಷಿಕ ವಿವರಪತ್ರದ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಬೇಕು. ಮೇಲ್ಮನವಿಯೋ ವಿಚಾರಣೆಯೋ ಬಾಕಿಯಿದ್ದರೆ ಅದು ಇತ್ಯರ್ಥವಾಗಿ ಇನ್ನೂ ಒಂದು ವರ್ಷದವರೆಗೆ. ತಂತ್ರಾಂಶದ ಚಂದಾ ನಿಂತಿತೆಂಬ ಕಾರಣಕ್ಕೆ ಆ ಅವಧಿ ಕಡಿಮೆಯಾಗುವುದಿಲ್ಲ.